ಖಮ್ಮಂ ಹಾಸ್ಟೆಲ್ಲಿನ ಸಹಿಗಳು: ಎಚ್‌ಪಿವಿ ಲಸಿಕೆ ಮತ್ತು ನಮ್ಮ ಹೆಣ್ಣುಮಕ್ಕಳು

ಗೆಳೆಯರೇ, ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡಿಕೊಂಡು ಓದಿ. ಹೆಣ್ಣುಮಕ್ಕಳನ್ನು ಹಾಸ್ಟೆಲ್‌ನಲ್ಲಿ ಬಿಟ್ಟು ಓದಿಸ್ತಿರುವವರು ತಪ್ಪದೆ ಓದಿ.

ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫಾರ್ವರ್ಡ್ ಮತ್ತೆ ಮತ್ತೆ ಬರ್ತಾ ಇದೆ. ಗರ್ಭಕಂಠದ ಕ್ಯಾನ್ಸರ್ ಲಸಿಕೆ ಅಂತ ಹೇಳಿ ಆಂಧ್ರದಲ್ಲಿ ಏಳು ಹುಡುಗಿಯರನ್ನು ಕೊಂದರು, ಈಗ ನಮ್ಮ ಮಕ್ಕಳ ಸರದಿ, ಶಾಲೆಗೆ ಚುಚ್ಚೋಕೆ ಬಂದರೆ ಓಡಿಸಿ ಅಂತ ಅದರಲ್ಲಿದೆ. ಇತ್ತ ಆರೋಗ್ಯ ಇಲಾಖೆಯ ಸಭೆಗಳಲ್ಲಿ, ಟೀವಿ ಚರ್ಚೆಗಳಲ್ಲಿ ಇನ್ನೊಂದು ಮಾತು ಕೇಳ್ತೀವಿ. ಜನಕ್ಕೆ ಅರಿವಿಲ್ಲ, ಅಕ್ಷರ ಇಲ್ಲ, ಅದಕ್ಕೇ ಲಸಿಕೆ ಅಂದರೆ ಹೆದರ್ತಾರೆ ಅಂತ.

ನನಗೆ ಎರಡೂ ಒಪ್ಪಿಗೆ ಇಲ್ಲ. ಮೊದಲನೆಯದು ನಮ್ಮ ಮಕ್ಕಳ ಜೀವ ಉಳಿಸುವ ಮದ್ದನ್ನು ನಮ್ಮ ಕೈಯಿಂದಲೇ ದೂರ ತಳ್ಳಿಸುತ್ತದೆ. ಎರಡನೆಯದು ಇತಿಹಾಸವನ್ನು ಮುಚ್ಚಿಹಾಕುತ್ತದೆ. ಲಸಿಕೆಯನ್ನು ಜನ ಒಪ್ತಾರೋ ಇಲ್ಲವೋ ಅನ್ನೋದು ಅವರ ದಡ್ಡತನದ ಅಳತೆ ಅಲ್ಲ. ಅವರನ್ನು ಹಿಂದೆ ಹೇಗೆ ನಡೆಸಿಕೊಂಡಿದ್ದಾರೆ ಅನ್ನೋದರ ಲೆಕ್ಕ ಅದು. ಆ ಲೆಕ್ಕವನ್ನು ಇವತ್ತು ಬಿಚ್ಚಿ ಇಡ್ತೀನಿ.

ಮೊದಲು ಕಾಯಿಲೆಯ ವಿಷಯ. ಗರ್ಭಕೋಶದ ಬಾಯಿಗೆ, ಅಂದರೆ ಗರ್ಭಕಂಠಕ್ಕೆ ಬರುವ ಕ್ಯಾನ್ಸರ್ ಇದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಲ್ಲಿ ಭಾರತದಲ್ಲಿ ಒಂದೇ ವರ್ಷಕ್ಕೆ 1 ಲಕ್ಷ 27 ಸಾವಿರ ಹೊಸ ರೋಗಿಗಳು, ಸುಮಾರು 80 ಸಾವಿರ ಸಾವು. ಸಾಯುವವರು ಯಾರು? ಬಿಳಿಮುಟ್ಟು ಹೋಗ್ತಾ ಇದೆ, ಮುಟ್ಟು ನಿಂತ ಮೇಲೂ ರಕ್ತ ಕಾಣ್ತಾ ಇದೆ ಅಂತ ಬಾಯಿಬಿಟ್ಟು ಹೇಳಲಾರದೆ, ಒಂದು ದಿನದ ಕೂಲಿ ಬಿಡಲಾರದೆ, ಸೊಂಟನೋವು ಅಂತ ಮಾತ್ರೆ ನುಂಗಿಕೊಂಡು ಕೆಲಸಕ್ಕೆ ಹೋಗುವ ಹೆಂಗಸರು. ನಮ್ಮ ಕೇರಿಯ ಹೆಂಗಸರು. ಶುರುವಿನಲ್ಲಿ ಹಿಡಿದರೆ ವಾಸಿಯಾಗುವ ರೋಗ ಇದು. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಲೆಕ್ಕದಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಇದರ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ.

ಈ ಕ್ಯಾನ್ಸರ್‌ಗೆ ಕಾರಣ ಎಚ್‌ಪಿವಿ ಎಂಬ ವೈರಸ್. ಅದನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಈ ವೈರಸ್‌ನಲ್ಲಿ ನೂರಾರು ಬಗೆ ಇವೆ. ಅವುಗಳಲ್ಲಿ 16 ಮತ್ತು 18 ಅನ್ನೋ ಎರಡೇ ಬಗೆ ನೂರಕ್ಕೆ 70ರಷ್ಟು ಗರ್ಭಕಂಠದ ಕ್ಯಾನ್ಸರ್‌ಗಳಿಗೆ ಕಾರಣ. ಲಸಿಕೆಯಲ್ಲಿ ಜೀವಂತ ವೈರಸ್ ಇರಲ್ಲ. ಅದರ ಹೊರಚಿಪ್ಪಿನ ಪ್ರೋಟೀನ್ ಮಾತ್ರ ಇರುತ್ತೆ. ಒಳಗಡೆ ಖಾಲಿ. ಮೈ ಆ ಚಿಪ್ಪನ್ನು ಗುರುತು ಹಿಡಿದು ಮುಂದೆ ನಿಜವಾದ ವೈರಸ್ ಬಂದಾಗ ತಡೆಯುತ್ತೆ. ಇಂಗ್ಲೆಂಡಿನಲ್ಲಿ 12-13ನೇ ವಯಸ್ಸಿಗೆ ಲಸಿಕೆ ಸಿಕ್ಕ ಹುಡುಗಿಯರ ತಲೆಮಾರಿನಲ್ಲಿ ಈ ಕ್ಯಾನ್ಸರ್ ನೂರಕ್ಕೆ 87ರಷ್ಟು ಕಡಿಮೆಯಾಗಿದೆ ಅಂತ 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅಂದರೆ ಮದ್ದು ಕೆಲಸ ಮಾಡುತ್ತೆ. ಅದರಲ್ಲಿ ನನಗೆ ಅನುಮಾನ ಇಲ್ಲ.

ಹಾಗಾದರೆ ಖಮ್ಮಂನಲ್ಲಿ ಆದದ್ದೇನು?

2009ರ ಜುಲೈನಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯ ಭದ್ರಾಚಲಂ, ಕೊತ್ತಗೂಡೆಂ, ತಿರುಮಲಾಯಪಾಲೆಂ ಮಂಡಲಗಳಲ್ಲಿ 10ರಿಂದ 14 ವರ್ಷದ ಸುಮಾರು 14 ಸಾವಿರ ಹುಡುಗಿಯರಿಗೆ ಗಾರ್ಡಸಿಲ್ ಅನ್ನೋ ಲಸಿಕೆ ಹಾಕೋಕೆ ಶುರು ಮಾಡಿದರು. ಅದೇ ವರ್ಷ ಗುಜರಾತಿನ ವಡೋದರಾ ಜಿಲ್ಲೆಯಲ್ಲಿ ಸುಮಾರು 10 ಸಾವಿರ ಹುಡುಗಿಯರಿಗೆ ಸರ್ವಾರಿಕ್ಸ್. ನಡೆಸಿದ್ದು ಅಮೆರಿಕದ ಪಾಥ್ ಎಂಬ ಸಂಸ್ಥೆ, ಜೊತೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಎರಡೂ ರಾಜ್ಯ ಸರ್ಕಾರಗಳು. ದುಡ್ಡು ಗೇಟ್ಸ್ ಫೌಂಡೇಶನ್‌ದು, ಲಸಿಕೆ ಕಂಪನಿಗಳದು. ಭದ್ರಾಚಲಂ ಅಂದರೆ ಕೋಯ ಆದಿವಾಸಿಗಳ ಸೀಮೆ. ಅಲ್ಲಿ ಬಹಳಷ್ಟು ಹುಡುಗಿಯರು ಇದ್ದದ್ದು ಆಶ್ರಮ ಶಾಲೆಗಳಲ್ಲಿ, ಸರ್ಕಾರಿ ಹಾಸ್ಟೆಲ್‌ಗಳಲ್ಲಿ. ಅಪ್ಪ ಅಮ್ಮ ದೂರದ ಹಾಡಿಗಳಲ್ಲಿ.

2010ರ ಮಾರ್ಚ್‌ನಲ್ಲಿ ಮಹಿಳಾ ಆರೋಗ್ಯದ ಕೆಲಸ ಮಾಡುವ ಹೋರಾಟಗಾರರು ಭದ್ರಾಚಲಂಗೆ ಹೋಗಿ ಹುಡುಗಿಯರನ್ನು, ತಂದೆತಾಯಿಯರನ್ನು ಮಾತಾಡಿಸಿ ಬಂದರು. ಮಾರನೇ ತಿಂಗಳು ಕೇಂದ್ರ ಸರ್ಕಾರ ಯೋಜನೆ ನಿಲ್ಲಿಸಿತು. ಅಷ್ಟು ಹೊತ್ತಿಗೆ ಲಸಿಕೆ ಹಾಕಿಸಿಕೊಂಡಿದ್ದ ಏಳು ಹುಡುಗಿಯರು ಸತ್ತಿದ್ದರು. ಖಮ್ಮಂನಲ್ಲಿ ಐದು, ಗುಜರಾತಿನಲ್ಲಿ ಎರಡು.

ಇಲ್ಲಿ ಸತ್ಯವನ್ನು ಸತ್ಯವಾಗಿಯೇ ಹೇಳಬೇಕು. ಸರ್ಕಾರ ನೇಮಿಸಿದ ವಿಚಾರಣಾ ಸಮಿತಿ ಈ ಸಾವುಗಳಿಗೆ ಲಸಿಕೆ ಕಾರಣವಾಗಿರುವ ಸಾಧ್ಯತೆ ಇಲ್ಲ ಅಂತಲೇ ಹೇಳಿತು. ಹಾವು ಕಚ್ಚಿದ್ದು, ನೀರಿನಲ್ಲಿ ಮುಳುಗಿದ್ದು, ವಿಷ ಕುಡಿದದ್ದು, ಮಲೇರಿಯಾ, ಜ್ವರ ಅಂತ ಕಾರಣಗಳು. ಲಸಿಕೆ ಕೊಂದಿತು ಅನ್ನೋದಕ್ಕೆ ಪುರಾವೆ ಇಲ್ಲ. ಹಾಗಾಗಿ ನಮ್ಮ ಗುಂಪಿನ ಫಾರ್ವರ್ಡ್ ತಪ್ಪು. ಆದರೆ ಆ ಸಾವುಗಳನ್ನು ಸರಿಯಾಗಿ ತನಿಖೆ ಮಾಡದೆ ಅವಸರದಲ್ಲಿ ತಳ್ಳಿಹಾಕಿದರು ಅಂತ ಆರೋಗ್ಯದ ಸಂಸದೀಯ ಸ್ಥಾಯಿ ಸಮಿತಿ ಆಮೇಲೆ ಬೈದದ್ದೂ ನಿಜ. ಮತ್ತೆ ಒಂದು ಮಾತು. ಹನ್ನೆರಡು ಹದಿಮೂರರ ಮಕ್ಕಳು ಮಲೇರಿಯಾಕ್ಕೆ, ಹಾವಿಗೆ, ವಿಷಕ್ಕೆ ಸಾಯೋದು ಅಂದರೆ 'ಲಸಿಕೆಯಿಂದ ಅಲ್ಲ' ಅಂತ ಬರೆದು ಫೈಲು ಮುಚ್ಚುವ ವಿಷಯವೇ? ಆ ಮಕ್ಕಳ ಹತ್ತಿರಕ್ಕೆ ವಿದೇಶದ ಲಸಿಕೆ ಕೋಲ್ಡ್ ಬಾಕ್ಸ್‌ನಲ್ಲಿ ಹೋಯಿತು. ಮಲೇರಿಯಾ ಮಾತ್ರೆ, ಹಾವಿನ ವಿಷಕ್ಕೆ ಮದ್ದು ಹೊತ್ತಿಗೆ ಸರಿಯಾಗಿ ಸಿಗುವ ಏರ್ಪಾಡು ಅಷ್ಟೇ ಮುತುವರ್ಜಿಯಿಂದ ಹೋಗಿತ್ತೇ ಅಂತ ಕೇಳೋದು ಬೇಡವೇ?

ಈಗ ಸಹಿಯ ವಿಷಯಕ್ಕೆ ಬರ್ತೀನಿ. ಸ್ಥಾಯಿ ಸಮಿತಿ ತನ್ನ 72ನೇ ವರದಿಯನ್ನು 2013ರ ಆಗಸ್ಟ್ 30ರಂದು ಸಂಸತ್ತಿನ ಮುಂದಿಟ್ಟಿತು. ಅದರಲ್ಲಿ ಆಂಧ್ರದ 9,543 ಒಪ್ಪಿಗೆ ಪತ್ರಗಳ ಲೆಕ್ಕ ಇದೆ. 1,948 ಪತ್ರಗಳಲ್ಲಿ ಹೆಬ್ಬೆಟ್ಟು. 2,763 ಪತ್ರಗಳಲ್ಲಿ ಹಾಸ್ಟೆಲ್ ವಾರ್ಡನ್‌ಗಳ ಸಹಿ.

ಗುಮಾಸ್ತಿಕೆ ನನ್ನ ಹೊಟ್ಟೆಪಾಡು. ಇಪ್ಪತ್ತು ವರ್ಷದ ಹತ್ತಿರ ಫೈಲು ನೋಡ್ಕೊಂಡು ಬಂದಿದ್ದೀನಿ. ಒಂದು ರಜೆ ಅರ್ಜಿಗೂ ಅರ್ಜಿದಾರರ ಸಹಿ ಇಲ್ಲದಿದ್ದರೆ ಆಕ್ಷೇಪಣೆ ಬರೆದು ವಾಪಸ್ ಕಳಿಸ್ತೀವಿ. ವಿಧವಾ ವೇತನದ ಅರ್ಜಿಯಲ್ಲಿ ಹೆಬ್ಬೆಟ್ಟಿದ್ದರೆ ಇವರದೇ ಹೆಬ್ಬೆಟ್ಟು ಅಂತ ಸಾಕ್ಷಿಗಳ ಸಹಿ ಕೇಳ್ತೀವಿ. ಅಂಥಾದ್ದರಲ್ಲಿ ಒಂದು ಮಗುವಿನ ಮೈಗೆ ಸೂಜಿ ಚುಚ್ಚುವ ಕಾಗದಕ್ಕೆ ಒಬ್ಬ ವಾರ್ಡನ್ ಸಾಲಾಗಿ ಸಹಿ ಹಾಕಿಕೊಂಡು ಹೋಗಬಹುದು! ವಾರ್ಡನ್, ಹೆಡ್ ಮಾಸ್ತರುಗಳೇ ತಂದೆತಾಯಿಯ ಪರವಾಗಿ ಸಹಿ ಮಾಡಬಹುದು ಅಂತ ಸರ್ಕಾರದ ಕಡೆಯಿಂದಲೇ ಸೂಚನೆ ಹೋಗಿತ್ತು. ಇಲ್ಲಿ ಆ ವಾರ್ಡನ್ ಕೆಟ್ಟವರು ಅಂತ ನಾನು ಹೇಳ್ತಾ ಇಲ್ಲ. ಮೇಲಿನಿಂದ ಬಂದದ್ದನ್ನು ಮಾಡಿದರು. ನನ್ನ ಪ್ರಶ್ನೆ ಮೇಲಿನವರಿಗೆ. ಹೈದರಾಬಾದಿನ ಕಾನ್ವೆಂಟಿನಲ್ಲಿ ಓದುವ ಹುಡುಗಿಯರಿಗೆ ಪ್ರಿನ್ಸಿಪಾಲರ ಸಹಿ ಸಾಕು ಅಂತ ಯಾರಾದರೂ ಆದೇಶ ಬರೀತಿದ್ದರೇ?

ಸಮಿತಿ ಇದನ್ನು ಮಾನವ ಹಕ್ಕಿನ ಉಲ್ಲಂಘನೆ, ಮಕ್ಕಳ ಮೇಲಿನ ದೌರ್ಜನ್ಯ ಅಂತಲೇ ಕರೆಯಿತು. ಪಾಥ್ ಸಂಸ್ಥೆ ಆ ಆರೋಪಗಳನ್ನು ಒಪ್ಪಲಿಲ್ಲ. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಕಲ್ಪನಾ ಮೆಹ್ತಾ ವಿರುದ್ಧ ಭಾರತ ಸರ್ಕಾರ ಅನ್ನೋ ಆ ಪ್ರಕರಣದಲ್ಲಿ 2018ರ ಮೇ 9ರಂದು ಐದು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕೊಟ್ಟ ತೀರ್ಪು ಏನರ ಬಗ್ಗೆ ಗೊತ್ತಾ? ಸಂಸದೀಯ ಸಮಿತಿಯ ವರದಿಯನ್ನು ಕೋರ್ಟಿನಲ್ಲಿ ಆಧಾರವಾಗಿ ಬಳಸಬಹುದೇ ಅನ್ನೋದರ ಬಗ್ಗೆ. ನೋಡಬಹುದು ಅಂತ ಹೇಳಿದರು. ಸೂಜಿ ಚುಚ್ಚಿ ಆಗಲೇ ಒಂಬತ್ತು ವರ್ಷ ಆಗಿತ್ತು. ಹತ್ತು ವರ್ಷದ ಹುಡುಗಿಗೆ ಹತ್ತೊಂಬತ್ತು ತುಂಬಿತ್ತು.

ಇದು ಖಮ್ಮಂನಲ್ಲೇ ಶುರುವಾದದ್ದೇನೂ ಅಲ್ಲ. ಹಿಂದಕ್ಕೆ ಹೋಗೋಣ.

ಈ ದೇಶಕ್ಕೆ ಬಂದ ಮೊದಲ ಲಸಿಕೆ ಸಿಡುಬಿನದು. 1802ರ ಜೂನ್ 14ರಂದು ಮುಂಬೈಯಲ್ಲಿ ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಹಾಕಿದರು. ಆಗ ಫ್ರಿಜ್ಜೂ ಇಲ್ಲ, ಬಾಟಲಿಯೂ ಇಲ್ಲ. ಒಂದು ಮಗುವಿನ ತೋಳಿಗೆ ಗೀರಿ ಲಸಿಕೆ ಹಾಕೋದು, ಎಂಟು ದಿನಕ್ಕೆ ಅಲ್ಲಿ ಬೊಕ್ಕೆ ಎದ್ದು ಕೀವು ತುಂಬಿದ ಮೇಲೆ ಅದನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ದಾಟಿಸೋದು. ತೋಳಿನಿಂದ ತೋಳಿಗೆ, ಊರಿಂದ ಊರಿಗೆ ಲಸಿಕೆ ಹೀಗೇ ನಡೆಯಿತು. ಈ ಕೆಲಸಕ್ಕೆ ಸಿಗುತ್ತಿದ್ದದ್ದು ಯಾರ ಮಕ್ಕಳು? ಬಹುಪಾಲು ಬಡವರ, ಕೆಳಜಾತಿ ಅನ್ನಿಸಿಕೊಂಡವರ ಮಕ್ಕಳು. ಆಗ ಮೇಲ್ಜಾತಿಯವರು ಲಸಿಕೆ ಬೇಡ ಅಂದರು. ಹೊಲೆಯರ ಮಗುವಿನ ತೋಳಿನ ಕೀವು ತಮ್ಮ ಮಗುವಿನ ರಕ್ತಕ್ಕೆ ಸೇರಿದರೆ ಮೈಲಿಗೆ ಅಂತ. ಬ್ರಿಟಿಷರ ದಾಖಲೆಗಳ ತುಂಬ ಈ ಗೋಳಿದೆ. ಹಾಗಾಗಿ ಈ ದೇಶದಲ್ಲಿ ಲಸಿಕೆಗೆ ಮೊದಲು ಮೂಗು ಮುರಿದವರು ಓದುಬರಹ ಬಲ್ಲವರೇ. ಜಾತಿಯ ಕಾರಣಕ್ಕೆ. ಅದನ್ನು ಯಾರೂ ಅರಿವಿನ ಕೊರತೆ ಅನ್ನಲಿಲ್ಲ. ಆಚಾರ ಅಂದರು!

ಅದೇ ಕಾಲಕ್ಕೆ, 1805ರ ಸುಮಾರಿಗೆ, ಥಾಮಸ್ ಹಿಕ್ಕಿ ಎಂಬ ಕಲಾವಿದ ಮೈಸೂರಿನ ರಾಣಿಯರ ಚಿತ್ರ ಬರೆದ. ಒಬ್ಬ ರಾಣಿ ಸೀರೆ ಸರಿಸಿ ತೋಳು ತೋರಿಸ್ತಿರೋದು ಲಸಿಕೆಯ ಗುರುತು ತೋರಿಸಲಿಕ್ಕೆ, ಜನರನ್ನು ಒಪ್ಪಿಸಲು ಬರೆಸಿದ ಚಿತ್ರ ಅದು ಅಂತ ಕೆಲವು ಇತಿಹಾಸಕಾರರು ಹೇಳ್ತಾರೆ. ಒಳ್ಳೆಯದೇ. ರಾಣಿಯ ತೋಳು ಚಿತ್ರವಾಗಿ ಉಳಿಯಿತು. ಲಸಿಕೆಯನ್ನು ಊರೂರಿಗೆ ಹೊತ್ತ ಮಕ್ಕಳ ತೋಳುಗಳಿಗೆ ಹೆಸರೂ ಉಳಿಯಲಿಲ್ಲ.

1897ಕ್ಕೆ ಬನ್ನಿ. ಪ್ಲೇಗು. ಅದೇ ವರ್ಷ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಪುಣೆಯಲ್ಲಿ ರ್‍ಯಾಂಡ್ ಎಂಬ ಅಧಿಕಾರಿಯ ಕೆಳಗೆ ಸಿಪಾಯಿಗಳು ಮನೆ ಮನೆ ನುಗ್ಗಿದರು, ಹೆಂಗಸರ ಮೈ ಮುಟ್ಟಿ ನೋಡಿದರು, ಸಾಮಾನು ಬೀದಿಗೆ ಎಸೆದು ಸುಟ್ಟರು. ಜನ ರೋಗಿಗಳನ್ನು ಬಚ್ಚಿಟ್ಟರು. ಜೂನ್‌ನಲ್ಲಿ ರ್‍ಯಾಂಡ್‌ನನ್ನು ಗುಂಡಿಟ್ಟು ಕೊಂದರು. ಅದೇ ಪುಣೆಯ ಹೊರವಲಯದಲ್ಲಿ, ಅದೇ ಪ್ಲೇಗಿನಲ್ಲಿ ಸಾವಿತ್ರಿಬಾಯಿ ಫುಲೆ ಮತ್ತು ಅವರ ಮಗ ಡಾಕ್ಟರ್ ಯಶವಂತ್ ಒಂದು ಚಿಕಿತ್ಸಾ ಕೇಂದ್ರ ತೆರೆದಿದ್ದರು. ಮಹಾರ ಕೇರಿಯ ಒಬ್ಬ ಹುಡುಗನಿಗೆ ಪ್ಲೇಗು ತಗುಲಿದೆ ಅಂತ ಗೊತ್ತಾಗಿ ಅವ್ವ ತಾನೇ ಹೋಗಿ ಬೆನ್ನ ಮೇಲೆ ಹೊತ್ತು ತಂದರು. ಅವರಿಗೂ ರೋಗ ಅಂಟಿತು. ಮಾರ್ಚ್ 10ರಂದು ತೀರಿಕೊಂಡರು.

ಒಂದೇ ಊರು, ಒಂದೇ ರೋಗ. ಒಂದು ಕಡೆ ಬೂಟುಗಾಲಿನಲ್ಲಿ ಬರುವ ಆರೋಗ್ಯ ಇಲಾಖೆ, ಇನ್ನೊಂದು ಕಡೆ ಬೆನ್ನ ಮೇಲೆ ಹೊತ್ತುಕೊಂಡು ಹೋಗುವ ಅವ್ವ. ಜನ ಯಾರನ್ನು ನಂಬುತ್ತಾರೆ ಅಂತ ತಿಳಿಯೋಕೆ ಸಮೀಕ್ಷೆ ಬೇಕೇ? ಔಷಧಕ್ಕೆ ನಮ್ಮ ಜನ ಯಾವತ್ತೂ ವಿರೋಧ ಇರಲಿಲ್ಲ. ಹೆಣ್ಣುಮಕ್ಕಳ ಆರೋಗ್ಯವನ್ನು ರಾಜಕೀಯದ ವಿಷಯ ಮಾಡಿದವರೇ ನಮ್ಮ ಬಾಬಾಸಾಹೇಬರು. 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಹೆರಿಗೆ ಭತ್ಯೆಯ ಮಸೂದೆಗೆ ಬೆಂಬಲವಾಗಿ ನಿಂತು ಮಾತಾಡಿದವರು ಅವರು.

ಈಗ ಗರ್ಭಕಂಠದ ಕ್ಯಾನ್ಸರಿನ ಇತಿಹಾಸಕ್ಕೇ ಬರೋಣ. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಆಸ್ಪತ್ರೆಯೊಂದರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಹೆಣ್ಣುಮಗಳು ಇದೇ ಕ್ಯಾನ್ಸರಿನಿಂದ ಸತ್ತರು. ಹೊಗೆಸೊಪ್ಪಿನ ಹೊಲದಲ್ಲಿ ದುಡಿದವರು, ಐದು ಮಕ್ಕಳ ತಾಯಿ. ಅವರ ಗಡ್ಡೆಯಿಂದ ಅವರನ್ನು ಕೇಳದೆ ತೆಗೆದ ಜೀವಕೋಶಗಳು ಇವತ್ತಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೀತಾ ಇವೆ. ಆ ಕೋಶಗಳಲ್ಲೂ ತ್ಸುರ್ ಹೌಸೆನ್ ತಂಡಕ್ಕೆ ಎಚ್‌ಪಿವಿ 18 ಸಿಕ್ಕಿತು. ಎಷ್ಟೋ ಕಂಪನಿಗಳು ದುಡ್ಡು ಮಾಡಿದವು. ಅವರ ಕುಟುಂಬಕ್ಕೆ ಒಂದು ಕಂಪನಿ ಪರಿಹಾರದ ಒಪ್ಪಂದ ಮಾಡಿಕೊಂಡದ್ದು 2023ರಲ್ಲಿ. ದಲಿತ ಪ್ಯಾಂಥರ್ಸ್ 1972ರಲ್ಲಿ ಆ ಹೆಸರು ಇಟ್ಟುಕೊಂಡದ್ದು ಸುಮ್ಮನೆ ಅಲ್ಲ. ಅವರ ಕಥೆ, ನಮ್ಮ ಕಥೆ ಬಹಳ ದೂರ ಇಲ್ಲ.

ದೆಹಲಿಯಲ್ಲಿ 1976ರಿಂದ 1988ರವರೆಗೆ ಸಂಶೋಧನಾ ಮಂಡಳಿಯ ಒಂದು ಅಧ್ಯಯನ ನಡೆಯಿತು. ಗರ್ಭಕಂಠದಲ್ಲಿ ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಕಂಡಿದ್ದ ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ಚಿಕಿತ್ಸೆ ಕೊಡದೆ, ರೋಗ ಹೇಗೆ ಮುಂದುವರಿಯುತ್ತೆ ಅಂತ ನೋಡಿದರು. ಬಯಲಾದದ್ದು 1997ರಲ್ಲಿ. ಲಿಖಿತ ಒಪ್ಪಿಗೆ ಎಲ್ಲಿ ಅಂದರೆ, ಹೆಚ್ಚಿನವರಿಗೆ ಅಕ್ಷರ ಬರ್ತಿರಲಿಲ್ಲ, ಬಾಯಿಮಾತಿನಲ್ಲಿ ಕೇಳಿದ್ವಿ ಅನ್ನೋ ಉತ್ತರ ಬಂತು.

ನಮ್ಮ ಬೀದರ್, ಕಲಬುರಗಿಗೆ ಅಂಟಿಕೊಂಡಿರುವ ಆಗಿನ ಉಸ್ಮಾನಾಬಾದ್ ಜಿಲ್ಲೆಯಲ್ಲಿ 1999ರಿಂದ ಇನ್ನೊಂದು ದೊಡ್ಡ ಅಧ್ಯಯನ. 1 ಲಕ್ಷ 31 ಸಾವಿರ ಹಳ್ಳಿ ಹೆಂಗಸರನ್ನು ನಾಲ್ಕು ಗುಂಪು ಮಾಡಿದರು. ಮೂರು ಗುಂಪಿಗೆ ಮೂರು ಥರದ ಪರೀಕ್ಷೆ. ನಾಲ್ಕನೇ ಗುಂಪಿನ 31 ಸಾವಿರ ಹೆಂಗಸರಿಗೆ ಪರೀಕ್ಷೆ ಮಾಡಲಿಲ್ಲ, ಮಾಮೂಲಿಯಾಗಿ ಸಿಗುವ ಸೌಲಭ್ಯವೇ ಸಿಗಲಿ ಅಂತ ಬಿಟ್ಟರು. ಮಾಮೂಲಿಯಾಗಿ ಅಲ್ಲಿ ಸಿಗುತ್ತಿದ್ದದ್ದು ಏನೂ ಇಲ್ಲ. 2009ರಲ್ಲಿ ಫಲಿತಾಂಶ ಬಂತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಆದ ಗುಂಪಿನಲ್ಲಿ ಈ ಕ್ಯಾನ್ಸರಿಗೆ ಸತ್ತವರು 34. ಪರೀಕ್ಷೆ ಇಲ್ಲದ ಗುಂಪಿನಲ್ಲಿ 64. ಜಗತ್ತಿಗೆ ದೊಡ್ಡ ಜ್ಞಾನ ಸಿಕ್ಕಿತು, ನಿಜ. ಆ ವ್ಯತ್ಯಾಸ ಇದೆಯಲ್ಲ, 30 ಹೆಂಗಸರು, ಅವರು ಯಾರ ಅವ್ವ, ಯಾರ ಅಕ್ಕ?

ಇಲ್ಲಿಂದ ಕಥೆಗೆ ಒಂದು ತಿರುವು ಇದೆ. ಬಹಳ ಜನ ಹೋರಾಟಗಾರರಿಗೇ ಇದು ಗೊತ್ತಿಲ್ಲ, ಅದಕ್ಕೇ ಬಿಡಿಸಿ ಬರೀತೀನಿ.

2009ರಲ್ಲೇ, ಪಾಥ್ ಯೋಜನೆಗೆ ಸಂಬಂಧವಿಲ್ಲದ ಇನ್ನೊಂದು ಲಸಿಕೆ ಅಧ್ಯಯನ ಭಾರತದ ಹಲವು ಕಡೆ ಶುರುವಾಗಿತ್ತು. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯೂ ಅದರಲ್ಲಿ ಒಂದು. 20 ಸಾವಿರ ಹುಡುಗಿಯರಿಗೆ ಎರಡು ಡೋಸ್ ಅಥವಾ ಮೂರು ಡೋಸ್ ಕೊಟ್ಟು ಹೋಲಿಸುವ ಯೋಚನೆ. ಖಮ್ಮಂ ಗದ್ದಲದಿಂದ 2010ರ ಏಪ್ರಿಲ್‌ನಲ್ಲಿ ಸರ್ಕಾರ ಇದನ್ನೂ ನಿಲ್ಲಿಸಿತು. ಸುಮಾರು 5 ಸಾವಿರ ಹುಡುಗಿಯರಿಗೆ ಅಷ್ಟು ಹೊತ್ತಿಗೆ ಒಂದೇ ಡೋಸ್ ಆಗಿತ್ತು. ವಿಜ್ಞಾನಿಗಳು ಅವರನ್ನು ಬಿಡದೆ ಹತ್ತು ವರ್ಷ ಗಮನಿಸಿದರು. 2021ರಲ್ಲಿ ಗೊತ್ತಾಯಿತು, 16 ಮತ್ತು 18 ವೈರಸ್ ಮೈಯಲ್ಲಿ ನೆಲೆಯೂರದಂತೆ ತಡೆಯುವುದರಲ್ಲಿ ಒಂದೇ ಡೋಸ್ ನೂರಕ್ಕೆ 95ರಷ್ಟು ಕೆಲಸ ಮಾಡಿದೆ, ಎರಡು ಮೂರು ಡೋಸ್‌ಗಿಂತ ಕಡಿಮೆ ಏನಿಲ್ಲ ಅಂತ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್ ಸಾಕು ಅಂತ ಒಪ್ಪಿತು. ಅದಕ್ಕೆ ಇದ್ದ ಮುಖ್ಯ ಆಧಾರಗಳಲ್ಲಿ ಇದೂ ಒಂದು. ಇವತ್ತು ಬಡ ದೇಶಗಳು ಮೂರು ಡೋಸಿನ ಖರ್ಚಿನ ಜಾಗದಲ್ಲಿ ಒಂದೇ ಡೋಸಿನಲ್ಲಿ ಮಕ್ಕಳನ್ನು ಕಾಪಾಡೋಕೆ ಆಗ್ತಾ ಇದ್ದರೆ, ಅದರ ಹಿಂದೆ ನಮ್ಮ ಹಳ್ಳಿ ಹುಡುಗಿಯರ ತೋಳುಗಳಿವೆ.

ಇದನ್ನು ಮನಸ್ಸಿಗೆ ತಗೊಳ್ಳಿ. 1802ರಲ್ಲಿ ತೋಳು ಕೊಟ್ಟವರು ನಾವು. 2009ರಲ್ಲೂ ಕೊಟ್ಟವರು ನಾವು. ಈ ಲಸಿಕೆಯ ಬೆಲೆಯನ್ನು ನಮ್ಮ ಹೆಣ್ಣುಮಕ್ಕಳು ಆಗಲೇ ಕಟ್ಟಿದ್ದಾರೆ. ಬೆಲೆ ಕಟ್ಟಿದ ಮೇಲೆ ಸಾಮಾನು ಅಂಗಡಿಯಲ್ಲೇ ಬಿಟ್ಟು ಬರ್ತೀವಾ? ಸೀರಮ್ ಸಂಸ್ಥೆಯ ಸರ್ವಾವ್ಯಾಕ್ 2023ರಲ್ಲಿ ಮಾರುಕಟ್ಟೆಗೆ ಬಂದಾಗ ಡೋಸ್ ಒಂದಕ್ಕೆ 2,000 ರೂಪಾಯಿ. ದುಡ್ಡಿರುವವರು ಖಾಸಗಿ ಆಸ್ಪತ್ರೆಗೆ ಹೋಗಿ ತಮ್ಮ ಮಕ್ಕಳಿಗೆ ಹಾಕಿಸ್ತಾ ಇದ್ದಾರೆ. ನಾವು ಬಹಿಷ್ಕಾರ ಅಂತ ಕೂಗಿ ಕೂತರೆ ಇಪ್ಪತ್ತು ವರ್ಷದ ಮೇಲೆ ಈ ಕ್ಯಾನ್ಸರ್ ಯಾರ ರೋಗವಾಗಿ ಉಳಿಯುತ್ತೆ? ಯೋಚನೆ ಮಾಡಿ.

ಇನ್ನು ಅರಿವಿಲ್ಲ ಅನ್ನೋ ಮಾತು. ಜಪಾನಿನಲ್ಲಿ ಅಕ್ಷರ ಬಾರದವರು ಎಷ್ಟಿದ್ದಾರೆ? ಅಲ್ಲಿ ನೂರಕ್ಕೆ ಸುಮಾರು 70 ಹುಡುಗಿಯರು ಈ ಲಸಿಕೆ ತಗೊಳ್ತಾ ಇದ್ದರು. ಅಡ್ಡಪರಿಣಾಮದ ಸುದ್ದಿಗಳು ಟೀವಿಯಲ್ಲಿ ಬಂದವು, 2013ರ ಜೂನ್‌ನಲ್ಲಿ ಸರ್ಕಾರವೇ ಶಿಫಾರಸಿನಿಂದ ಹಿಂದೆ ಸರಿಯಿತು, ಪ್ರಮಾಣ ನೂರಕ್ಕೆ ಒಂದಕ್ಕಿಂತ ಕೆಳಗೆ ಇಳಿಯಿತು. ಮತ್ತೆ ಶಿಫಾರಸು ಶುರುವಾಗೋಕೆ 2022 ಬರಬೇಕಾಯಿತು. ನಮ್ಮಲ್ಲೇ 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಬೆಂಗಳೂರಿನಿಂದ ಶುರುವಾದಾಗ ವಾಟ್ಸಾಪ್ ತುಂಬ ವದಂತಿ. ಅದನ್ನು ನಂಬಿದವರಲ್ಲಿ ಖಾಸಗಿ ಶಾಲೆಯ ತಂದೆತಾಯಿಗಳೂ ಇದ್ದರು. ಅಕ್ಷರ ಬಂದವರಿಗೇ ಫಾರ್ವರ್ಡ್ ಓದೋಕೆ ಬರೋದು ತಾನೇ!

ಇನ್ನು ಸಿಕ್ಕಿಂ ನೋಡಿ. 2018ರಲ್ಲಿ ಇಡೀ ರಾಜ್ಯದಲ್ಲಿ 9ರಿಂದ 14 ವರ್ಷದ ಸುಮಾರು 25 ಸಾವಿರ ಹುಡುಗಿಯರಿಗೆ ಇದೇ ಲಸಿಕೆ ಕೊಡುವ ಕೆಲಸ ಹಿಡಿದರು. ನೂರಕ್ಕೆ 95ಕ್ಕಿಂತ ಹೆಚ್ಚು ಜನ ತಗೊಂಡರು. ಏನು ಮಂತ್ರ? ಮುಂಚೆಯೇ ಮೇಷ್ಟ್ರುಗಳಿಗೆ, ಆಶಾ ಕಾರ್ಯಕರ್ತೆಯರಿಗೆ, ಪಂಚಾಯಿತಿಯವರಿಗೆ, ಧರ್ಮಗುರುಗಳಿಗೆ, ಪತ್ರಕರ್ತರಿಗೆ ಕೂತು ವಿವರಿಸಿದರು. ತಂದೆತಾಯಿಯ ಪ್ರಶ್ನೆಗೆ ಉತ್ತರ ಕೊಟ್ಟರು. ಯೋಜನೆ ಸರ್ಕಾರದ್ದೇ ಆಗಿತ್ತು, ಜವಾಬ್ದಾರಿ ಯಾರದು ಅಂತ ಜನಕ್ಕೆ ಗೊತ್ತಿತ್ತು. ಅಷ್ಟೇ.

ದೆಹಲಿಯಲ್ಲಿ ಏನು ಮಾಡಿದರು? 2024ರ ಫೆಬ್ರವರಿ 1ರಂದು ಹಣಕಾಸು ಸಚಿವರು ಬಜೆಟ್ ಭಾಷಣದಲ್ಲಿ ಈ ಲಸಿಕೆಗೆ ಪ್ರೋತ್ಸಾಹ ಅಂದರು. ಮಾರನೇ ದಿನವೇ ಒಬ್ಬ ನಟಿ ಗರ್ಭಕಂಠದ ಕ್ಯಾನ್ಸರಿಗೆ ಸತ್ತರು ಅಂತ ಸುದ್ದಿ, ಅದರ ಮಾರನೇ ದಿನ ಎದ್ದು ಬಂದು ಅರಿವು ಮೂಡಿಸೋಕೆ ಹಾಗೆ ಮಾಡಿದೆ ಅಂದರು. ನಿಜವಾಗಿ ವರ್ಷಕ್ಕೆ 80 ಸಾವಿರ ಹೆಂಗಸರು ಸಾಯುವ ದೇಶದಲ್ಲಿ ಅರಿವಿಗೆ ಸುಳ್ಳು ಸಾವು ಬೇಕಾಯಿತು! ನಂಬಿಕೆ ಹೀಗೆ ಬೆಳೆಯಲ್ಲ.

ನಮ್ಮ ಮನೆಗಳಲ್ಲಿ ಇರುವ ಎರಡು ಹೆದರಿಕೆಗಳ ಬಗ್ಗೆಯೂ ನೇರವಾಗಿ ಮಾತಾಡಬೇಕು.

ಒಂದು, ಮಾನದ ಹೆದರಿಕೆ. ಈ ವೈರಸ್ ಹರಡೋದು ಲೈಂಗಿಕ ಸಂಪರ್ಕದಿಂದ. ಅಷ್ಟು ಕೇಳಿದ ತಕ್ಷಣ 'ನಮ್ಮ ಹುಡುಗಿ ಅಂಥವಳಲ್ಲ, ಅವಳಿಗೆ ಯಾಕೆ' ಅಂತ ಅವ್ವಂದಿರು ಅಂತಾರೆ. ಹಿಂದಿನ ಡಾಕ್ಟರುಗಳ ಪುಸ್ತಕಗಳೂ ಬಡ ಹೆಂಗಸರ ಶುಚಿತ್ವ ಸರಿಯಿಲ್ಲ, ನಡತೆ ಸರಿಯಿಲ್ಲ ಅಂತ ಅವರ ಮೇಲೇ ಗೂಬೆ ಕೂರಿಸುತ್ತಿದ್ದವು. ದಲಿತ ಹೆಣ್ಣಿನ ನಡತೆಯ ಬಗ್ಗೆ ಊರು ಏನೆಲ್ಲ ಆಡುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಸತ್ಯ ಏನಂದರೆ ಎಚ್‌ಪಿವಿ ನೆಗಡಿಯಷ್ಟು ಸಾಮಾನ್ಯ. ಮದುವೆಯಾಗಿ ಒಬ್ಬ ಗಂಡನ ಜೊತೆ ಬಾಳಿದವಳಿಗೂ ಆ ಗಂಡನಿಂದಲೇ ಬರುತ್ತೆ. ಬಹಳ ಜನಕ್ಕೆ ತಾನಾಗೇ ಹೋಗುತ್ತೆ. ಕೆಲವರಲ್ಲಿ ಉಳಿದು ಹದಿನೈದು ಇಪ್ಪತ್ತು ವರ್ಷಕ್ಕೆ ಕ್ಯಾನ್ಸರ್ ಆಗುತ್ತೆ. ಲಸಿಕೆ ವೈರಸ್ ತಗುಲುವ ಮುಂಚೆಯೇ ಬೇಕು, ಅದಕ್ಕೇ ಚಿಕ್ಕ ವಯಸ್ಸಿಗೆ ಕೊಡ್ತಾರೆ. ಹುಡುಗಿಯ ನಡತೆಗೂ ಅದಕ್ಕೂ ಸಂಬಂಧ ಇಲ್ಲ.

ಎರಡು, ಮಕ್ಕಳಾಗಲ್ಲ ಅನ್ನೋ ಹೆದರಿಕೆ. ಈ ಲಸಿಕೆಯಿಂದ ಬಂಜೆತನ ಬರುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ. ಜಗತ್ತಿನಲ್ಲಿ ಕೋಟಿಗಟ್ಟಲೆ ಡೋಸ್ ಕೊಟ್ಟು ನೋಡಿದ್ದಾರೆ. ಆದರೆ ಈ ಹೆದರಿಕೆ ಆಕಾಶದಿಂದ ಬಿದ್ದದ್ದಲ್ಲ. ತುರ್ತು ಪರಿಸ್ಥಿತಿಯಲ್ಲಿ ಗುರಿ ಮುಟ್ಟಿಸೋಕೆ ಬಡವರನ್ನು ಹಿಡಿದು ಆಪರೇಷನ್ ಮಾಡಿದ ದೇಶ ಇದು. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸಪುರದ ಹತ್ತಿರ ಸಂತಾನಹರಣ ಶಿಬಿರಗಳಿಗೆ ಹೋದ 13 ಹೆಂಗಸರು ಸತ್ತರು. ನಮ್ಮದೇ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ, ರಾಣೆಬೆನ್ನೂರಿನ ಸುತ್ತ, ಹೊಟ್ಟೆನೋವು ಅಂತ ಹೋದ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳಿಗೆ ಕ್ಯಾನ್ಸರ್ ಆಗುತ್ತೆ ಅಂತ ಹೆದರಿಸಿ ಗರ್ಭಕೋಶವನ್ನೇ ತೆಗೆದ ಪ್ರಕರಣಗಳು ಹೋರಾಟದಿಂದ ಹೊರಗೆ ಬಂದವು. ಅಂಥ ತಾಂಡಾಗೆ ಹೋಗಿ 'ನಿಮ್ಮ ಮಗಳ ಗರ್ಭಕೋಶಕ್ಕೆ ಒಳ್ಳೇದು, ಚುಚ್ಚಿಸಿ' ಅಂದರೆ ಆ ತಾಯಿ ಹಿಂದೆ ಸರಿಯೋದು ಮೂಢನಂಬಿಕೆಯೇ? ಅದು ಅನುಭವ.

ಅದಕ್ಕೇ ನನ್ನ ಮಾತು ಇಷ್ಟು. ಬಹಿಷ್ಕಾರ ಬೇಡ. ಕಣ್ಣು ಮುಚ್ಚಿ ತೋಳು ಕೊಡೋದೂ ಬೇಡ. ಲಸಿಕೆ ನಮ್ಮ ಹಕ್ಕು. ನಮ್ಮನ್ನು ಕೇಳಿ ಕೊಡಬೇಕು ಅನ್ನೋದೂ ನಮ್ಮ ಹಕ್ಕು. ಎರಡನ್ನೂ ಒಟ್ಟಿಗೆ ಕೇಳೋಣ.

ನಿಮ್ಮ ಊರಿನ ಶಾಲೆಗೆ, ಹಾಸ್ಟೆಲ್‌ಗೆ ಲಸಿಕೆ ಬಂದಾಗ ಇವನ್ನು ಕೇಳಿ:

1. ತಂದೆತಾಯಿಯರ ಸಭೆ ಮೊದಲು, ಸೂಜಿ ಆಮೇಲೆ. ಸಭೆ ಕೂಲಿ ತಪ್ಪದ ಹೊತ್ತಿನಲ್ಲಿ, ಸಂಜೆ ಅಥವಾ ಭಾನುವಾರ ಆಗಬೇಕು.

2. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು. ಲಂಬಾಣಿ, ಉರ್ದು, ತೆಲುಗು ಆಡುವ ಕಡೆ ಆ ಮಾತಿನಲ್ಲಿ ಓದಿ ಹೇಳಬೇಕು. ಹೆಬ್ಬೆಟ್ಟು ಒತ್ತುವವರಿಗೆ ಓದಿ ಹೇಳಿದ್ದಕ್ಕೆ ಊರಿನ ಒಬ್ಬ ಸಾಕ್ಷಿ ಸಹಿ ಇರಬೇಕು.

3. ವಾರ್ಡನ್, ಹೆಡ್ ಮಾಸ್ತರ್ ಸಹಿ ತಂದೆತಾಯಿಯ ಸಹಿಗೆ ಬದಲಿ ಅಲ್ಲ. ಹುಡುಗಿಗೂ ಅವಳಿಗೆ ಅರ್ಥ ಆಗುವ ಹಾಗೆ ಹೇಳಬೇಕು. ಮೈ ಅವಳದು.

4. ಯಾವ ಲಸಿಕೆ, ಬ್ಯಾಚ್ ನಂಬರ್, ತಾರೀಖು ಬರೆದ ಕಾರ್ಡು ಮನೆಗೆ ಬರಬೇಕು. ಚುಚ್ಚಿದ ಮೇಲೆ ಕಾಲು ಗಂಟೆ ಕೂರಿಸಬೇಕು. ತೋಳು ನೋವು, ಸ್ವಲ್ಪ ಜ್ವರ, ತಲೆಸುತ್ತು ಬರಬಹುದು. ಅಲರ್ಜಿ ಬಲು ಅಪರೂಪ, ಆದರೂ ಅದಕ್ಕೆ ಮದ್ದು ಅಲ್ಲೇ ಇರಬೇಕು. ರಾತ್ರಿ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಅಂತ ಕಾರ್ಡಿನ ಮೇಲೆ ಬರೆದಿರಬೇಕು.

5. ಇದು ಸರ್ಕಾರದ ಕಾರ್ಯಕ್ರಮವೋ, ಯಾರದಾದರೂ ಅಧ್ಯಯನವೋ ಅಂತ ಬರವಣಿಗೆಯಲ್ಲಿ ಕೇಳಿ. ಅಧ್ಯಯನ ಆದರೆ ನೈತಿಕ ಸಮಿತಿಯ ಅನುಮತಿ, ವಿಮೆ, ಪರಿಹಾರ ಏನು ಅಂತ ಕೇಳಿ. ಉತ್ತರ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ.

6. ಮಗಳಿಗೆ ಲಸಿಕೆ ಆದರೆ ಅವ್ವನಿಗೆ ಏನು? ಲಸಿಕೆ ಈಗಾಗಲೇ ಇರುವ ಕಾಯಿಲೆಯನ್ನು ವಾಸಿ ಮಾಡಲ್ಲ. 30 ದಾಟಿದ ಹೆಂಗಸರಿಗೆ ತಪಾಸಣೆ ಬೇಕು. ವಿನೆಗರ್ ಥರದ ದ್ರಾವಣ ಹಚ್ಚಿ ನೋಡುವ ಸರಳ ಪರೀಕ್ಷೆ ಇದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾಡಬಹುದು. ಮಗಳ ಲಸಿಕೆಯ ದಿನವೇ ಅವ್ವನ ತಪಾಸಣೆಯ ತಾರೀಖೂ ಕೇಳಿ.

ಇಷ್ಟಕ್ಕೆ ಉತ್ತರ ಸಿಕ್ಕರೆ ನಾವೇ ಮುಂದೆ ನಿಂತು ಹಾಕಿಸೋಣ. ಸಂಘಟನೆಯ ಹೆಣ್ಣುಮಕ್ಕಳೇ ಕೇರಿ ಕೇರಿಗೆ ಹೋಗಿ ಹೇಳಲಿ. ಸಿಗದಿದ್ದರೆ ಉತ್ತರಕ್ಕಾಗಿ ಹೋರಾಡೋಣ. ಮದ್ದಿನ ವಿರುದ್ಧ ಅಲ್ಲ.

ನಿಮ್ಮ ತಾಲ್ಲೂಕಿನ ಹಾಸ್ಟೆಲ್‌ಗಳಲ್ಲಿ ಒಪ್ಪಿಗೆ ಹೇಗೆ ತಗೊಳ್ತಾ ಇದ್ದಾರೆ ಅಂತ ಕೆಳಗೆ ಬರೀರಿ. ಹೆಸರು, ಮಕ್ಕಳ ಫೋಟೋ ಹಾಕಬೇಡಿ. ಪ್ರಶ್ನೆಗಳ ಪಟ್ಟಿಯನ್ನು ಕಾಪಿ ಮಾಡಿಕೊಂಡು, ಓದೋಕೆ ಬಾರದ ಅವ್ವಂದಿರಿಗೆ ಓದಿ ಹೇಳಿ.

ಜೈ ಭೀಮ್. ಜೈ ಸಾವಿತ್ರಿಬಾಯಿ.